ಪೆಟ್ಟು ಬಿದ್ದಾಗ ಉಕ್ಕು ಎಲ್ಲಿ ಮಣಿಯುತ್ತದೆ?

ನಮ್ಮ ಊರಿನ ಆಲೆಮನೆಯಲ್ಲಿ ಕೊಪ್ಪರಿಗೆ ಇಳಿಸಿದ ಕೂಡಲೇ ಒಂದು ಸೌಟು ಪಾಕವನ್ನು ಬಾಳೆಎಲೆಯ ಮೇಲೆ ಸುರಿದು ಮಕ್ಕಳ ಕೈಗೆ ಕೊಡುತ್ತಿದ್ದರು. ತಣ್ಣೀರು ಚಿಮುಕಿಸಿ ಸ್ವಲ್ಪ ಹೊತ್ತು ಬಿಟ್ಟರೆ ಅದು ಅಂಟುಬೆಲ್ಲ. ಎರಡು ಕೈಯಲ್ಲಿ ಹಿಡಿದು ಮೆಲ್ಲಗೆ ಎಳೆದರೆ ಮೊಳದುದ್ದ ಎಳೆ ಬರುತ್ತಿತ್ತು. ಅದೇ ತುಂಡನ್ನು ಜಗಲಿಯ ಕಲ್ಲಿಗೆ ಫಟ್ಟನೆ ಬಡಿದರೆ ಗಾಜಿನ ಹಾಗೆ ಒಡೆದು ಚೂರು ಹಾರುತ್ತಿತ್ತು. ಬೆಲ್ಲ ಒಂದೇ, ಶಾಖವೂ ಒಂದೇ. ಬೇರೆಯಾಗಿದ್ದದ್ದು ನಮ್ಮ ಕೈಯ ಅವಸರ ಮಾತ್ರ. ಈ ಸಂಜೆ ನಾನು ಹೇಳಬೇಕೆಂದಿರುವುದೆಲ್ಲ ಆ ಅಂಟುಬೆಲ್ಲದಲ್ಲಿ ಇದೆ.

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ 1927ರಲ್ಲಿ ಶುರುವಾದ ಒಂದು ಪ್ರಯೋಗವಿದೆ. ಡಾಂಬರಿನ ಜಾತಿಯ ಪಿಚ್ ಎಂಬ ವಸ್ತುವನ್ನು ಗಾಜಿನ ಆಲಿಕೆಯಲ್ಲಿ ತುಂಬಿ, 1930ರಲ್ಲಿ ಕೆಳತುದಿ ಕತ್ತರಿಸಿ ಸುಮ್ಮನೆ ಬಿಟ್ಟಿದ್ದಾರೆ. ಅದು ದ್ರವದಂತೆ ಇಳಿಯುತ್ತಿದೆ. 9ನೆಯ ಹನಿ ಬಿದ್ದದ್ದು 2014ರಲ್ಲಿ. ಆದರೆ ಅದೇ ಪಿಚ್ಚಿನ ಗಟ್ಟಿಗೆ ಸುತ್ತಿಗೆಯಿಂದ ಹೊಡೆದರೆ ಪುಡಿಯಾಗುತ್ತದೆ. ಇದು ದ್ರವವೋ ಘನವೋ ಎಂದು ಕೇಳಿದರೆ, ನೀವು ಎಷ್ಟು ಹೊತ್ತು ಕಾಯುತ್ತೀರಿ ಎಂದು ನಾನು ಮರುಪ್ರಶ್ನೆ ಹಾಕಬೇಕಾಗುತ್ತದೆ.

ಬೆಲ್ಲ, ಡಾಂಬರಿನ ವಿಷಯದಲ್ಲಿ ಇದನ್ನು ಎಲ್ಲರೂ ಒಪ್ಪುತ್ತಾರೆ. ಉಕ್ಕಿನ ಮಾತು ಬಂದಾಗ ನಾವು ಒಂದು ಸಂಖ್ಯೆಯನ್ನು ನಂಬುತ್ತೇವೆ. ಮನೆ ಕಟ್ಟಿಸಿದವರು ಇಲ್ಲಿ ಎಷ್ಟು ಜನರಿದ್ದೀರಿ? ಕಂಬಿ ತರಲು ಹೋದಾಗ ಅಂಗಡಿಯವರು 'ಎಫ್‌ಇ 500' ಎಂದದ್ದು ನೆನಪಿರಬೇಕು. ಆ 500 ಎಂಬುದು ಕಂಬಿ ಮಣಿಯಲು ತೊಡಗುವ ಬಲದ ಅಳತೆ. ಒಂದು ಚದರ ಮಿಲಿಮೀಟರಿಗೆ 500 ನ್ಯೂಟನ್. ಸುಲಭವಾಗಿ ಹೇಳುವುದಾದರೆ, ಆ ಉಕ್ಕನ್ನು ಒಂದು ಚದರ ಮಿಲಿಮೀಟರ್ ದಪ್ಪದ ತಂತಿಯಾಗಿ ಎಳೆಯದೆ ಹಾಗೆಯೇ ಕೆತ್ತಿ ತೆಗೆದು ಅದಕ್ಕೆ ಒಂದು ಸಿಮೆಂಟ್ ಮೂಟೆ ತೂಗುಹಾಕಿ: ಅಲ್ಲಿಯವರೆಗೆ ಅದು ಸ್ಪ್ರಿಂಗಿನಂತೆ ಹಿಗ್ಗಿ, ಮೂಟೆ ಇಳಿಸಿದರೆ ಮೊದಲಿನ ಉದ್ದಕ್ಕೆ ಮರಳುತ್ತದೆ. ಅದಕ್ಕಿಂತ ಹೆಚ್ಚು ಹೇರಿದರೆ ಮರಳುವುದಿಲ್ಲ. ಮರಳದಂತಾಗುವ ಆ ಗಡಿಯನ್ನೇ ಎಂಜಿನಿಯರುಗಳು ಯೀಲ್ಡ್ ಎನ್ನುತ್ತಾರೆ. ನಾನು ಮಣಿಯುವುದು ಎನ್ನುತ್ತೇನೆ, ಏಕೆಂದರೆ ಅದು ಮುರಿಯುವುದಲ್ಲ. ಮಣಿದ ಮೇಲೂ ಉಕ್ಕು ಭಾರ ಹೊರುತ್ತದೆ, ಆದರೆ ಆಕಾರ ಬದಲಾಗಿರುತ್ತದೆ.

ಈ ಸಂಖ್ಯೆ ಸುಳ್ಳಲ್ಲ. ಆದರೆ ಅದನ್ನು ಅಳೆದ ಬಗೆಯನ್ನು ನೋಡಿ. ಪರೀಕ್ಷಾ ಯಂತ್ರದ ಎರಡು ದವಡೆಗಳ ನಡುವೆ ಕಂಬಿಯನ್ನು ಕಚ್ಚಿಸಿ ನಿಧಾನವಾಗಿ ಎಳೆಯುತ್ತಾರೆ. ನಿಮಿಷಗಟ್ಟಲೆ ಹಿಡಿಯುವ ಕೆಲಸ. 50 ಮಿಲಿಮೀಟರ್ ಉದ್ದದ ತುಂಡು ಸೆಕೆಂಡಿಗೆ 0.05 ಮಿಲಿಮೀಟರ್ ಹಿಗ್ಗಿದರೆ, ತನ್ನ ಉದ್ದದ ಸಾವಿರದಲ್ಲೊಂದು ಪಾಲು ಹಿಗ್ಗಿದ ಹಾಗೆ. ಹಿಗ್ಗಿನ ಈ ಪಾಲಿಗೆ ಸ್ಟ್ರೇನ್ ಎಂದು ಹೆಸರು, ಸೆಕೆಂಡಿಗೆ ಅದು ಎಷ್ಟು ಎಂಬುದು ಸ್ಟ್ರೇನ್ ರೇಟ್. ಮಾಮೂಲಿ ಪರೀಕ್ಷೆಯಲ್ಲಿ ಅದು ಸೆಕೆಂಡಿಗೆ 0.001ರ ಆಸುಪಾಸು. ಕಾರು ಗೋಡೆಗೆ ಗುದ್ದಿದಾಗ ಮುಂಭಾಗದ ತಗಡು ನಜ್ಜುಗುಜ್ಜಾಗುವ ವೇಗ ಸೆಕೆಂಡಿಗೆ ಹತ್ತಾರು, ಕೆಲವು ಜಾಗಗಳಲ್ಲಿ ನೂರಾರು. ಗುಂಡು ತಗುಲಿದ ಫಲಕದಲ್ಲಿ ಸಾವಿರಗಳನ್ನು ದಾಟಿ ಹೋಗುತ್ತದೆ. ಅಂದರೆ ಅಳೆದದ್ದು ಒಂದು ವೇಗದಲ್ಲಿ, ಬಳಸುವುದು ಅದರ ಲಕ್ಷಪಟ್ಟು, ಹತ್ತು ಲಕ್ಷಪಟ್ಟು ವೇಗದಲ್ಲಿ. ಅಲ್ಲಿಯೂ ಆ 500 ಹಾಗೆಯೇ ಉಳಿಯುತ್ತದೆಯೇ?

ಇದನ್ನು ಮೊದಲು ಗಂಭೀರವಾಗಿ ಕೆದಕಿದವರಲ್ಲಿ ಇಂಗ್ಲೆಂಡಿನ ಜಾನ್ ಹಾಪ್ಕಿನ್ಸನ್ ಒಬ್ಬರು. ಸಮುದ್ರದ ದೀಪಸ್ತಂಭಗಳ ಗಾಜು, ವಿದ್ಯುತ್ ಹಂಚಿಕೆಯ ಮೂರು ತಂತಿಯ ಪದ್ಧತಿ ಎಂದು ಅನೇಕ ಕಡೆ ಕೈಯಾಡಿಸಿದ ಎಂಜಿನಿಯರ್. 1872ರಲ್ಲಿ ಅವರು ಪ್ರಕಟಿಸಿದ ಪ್ರಯೋಗಕ್ಕೆ ಬೇಕಾದದ್ದು ಒಂದು ಕಬ್ಬಿಣದ ತಂತಿ, ಒಂದು ತೂಕ. ತಂತಿಯ ಮೇಲ್ತುದಿಯನ್ನು ಬಿಗಿದು, ನಡುವೆ ತೂತಿರುವ ತೂಕವೊಂದನ್ನು ತಂತಿಯ ಗುಂಟ ಮೇಲಿನಿಂದ ಬೀಳಿಸುವುದು. ಕೆಳತುದಿಯಲ್ಲಿ ಒಂದು ತಡೆ. ತೂಕ ಅದಕ್ಕೆ ಬಡಿದಾಗ ತಂತಿಗೆ ಎಳೆತ.

ಎರಡು ಸಂಗತಿಗಳು ಹೊರಬಿದ್ದವು. ತಂತಿಯನ್ನು ಹರಿಯಲು ತೂಕವನ್ನು ಎಷ್ಟು ಎತ್ತರದಿಂದ ಬೀಳಿಸಬೇಕು ಎಂಬುದು ತೂಕ ಚಿಕ್ಕದೋ ದೊಡ್ಡದೋ ಎಂಬುದನ್ನು ಹೆಚ್ಚುಕಡಿಮೆ ಲೆಕ್ಕಿಸಲೇ ಇಲ್ಲ. ಎತ್ತರವೊಂದೇ, ಅಂದರೆ ಬೀಳುವ ವೇಗವೊಂದೇ ತೀರ್ಮಾನಿಸುತ್ತಿತ್ತು. ಎರಡನೆಯದು, ಏಟು ಬಿದ್ದದ್ದು ಕೆಳಗೆ, ಆದರೆ ಎಷ್ಟೋ ಸಲ ತಂತಿ ಹರಿದದ್ದು ಮೇಲೆ, ಬಿಗಿದ ತುದಿಯ ಹತ್ತಿರ.

ಅರಸೀಕೆರೆಯಂತಹ ಜಂಕ್ಷನ್ನಿನಲ್ಲಿ ಗೂಡ್ಸ್ ರೈಲಿಗೆ ಎಂಜಿನ್ ಜೋಡಿಸುವುದನ್ನು ನೋಡಿದವರಿಗೆ ಇದು ಅರ್ಥವಾಗುವುದು ಸುಲಭ. ಎಂಜಿನ್ ಬಂದು ತಾಗಿದ ಕೂಡಲೇ ಕೊನೆಯ ವ್ಯಾಗನ್ ಅಲುಗುವುದಿಲ್ಲ. ಖಣ್, ಖಣ್, ಖಣ್ ಎಂದು ಸದ್ದು ಒಂದೊಂದೇ ವ್ಯಾಗನ್ ದಾಟಿಕೊಂಡು ಹೋಗುತ್ತದೆ. ತಂತಿಯಲ್ಲೂ ಹಾಗೆಯೇ. ಕೆಳಗೆ ಏಟು ಬಿತ್ತು ಎಂಬ ಸುದ್ದಿ ಮೇಲ್ತುದಿಗೆ ಮುಟ್ಟಲು ಸಮಯ ಬೇಕು. ಉಕ್ಕಿನ ಸರಳಿನಲ್ಲಿ ಆ ಸುದ್ದಿಯ ವೇಗ ಸೆಕೆಂಡಿಗೆ ಸುಮಾರು 5 ಕಿಲೋಮೀಟರ್. ಅಲುಗದ ಗೋಡೆಗೆ ಬಡಿದ ಅಲೆ ಹಿಂದಿರುಗುವಾಗ, ಬರುತ್ತಿರುವ ಅಲೆ ಮತ್ತು ಮರಳುತ್ತಿರುವ ಅಲೆ ಒಂದರ ಮೇಲೊಂದು ಕೂಡಿ ಅಲ್ಲಿಯ ಎಳೆತ ಇಮ್ಮಡಿಯಾಗುತ್ತದೆ. ಅದಕ್ಕೇ ಹರಿದದ್ದು ಮೇಲೆ. ನಿಧಾನವಾಗಿ ಎಳೆಯುವಾಗ ಸರಳಿನ ಎಲ್ಲ ಭಾಗಗಳೂ ಒಂದೇ ಹೊತ್ತಿಗೆ ಒಂದೇ ಬಲವನ್ನು ಅನುಭವಿಸುತ್ತವೆ ಎಂದು ನಾವು ನಂಬುತ್ತೇವೆ. ಏಟಿನ ಲೋಕದಲ್ಲಿ ಆ ನಂಬಿಕೆಯೇ ನಿಲ್ಲುವುದಿಲ್ಲ.

ಜಾನ್ 1898ರಲ್ಲಿ ಆಲ್ಪ್ಸ್ ಪರ್ವತ ಹತ್ತುವಾಗ ಮೂವರು ಮಕ್ಕಳೊಂದಿಗೆ ತೀರಿಕೊಂಡರು. ಹಿರಿಯ ಮಗ ಬರ್ಟ್ರಮ್ ಮುಂದೆ ಕೇಂಬ್ರಿಜ್‌ನಲ್ಲಿ ಪ್ರಾಧ್ಯಾಪಕರಾದರು. ತಂದೆಯ ತಂತಿಯನ್ನು ಮತ್ತೆ ಕೈಗೆತ್ತಿಕೊಂಡರು ಎಂಬುದು ನನಗೆ ಯಾವಾಗಲೂ ಮನಸ್ಸು ತಟ್ಟುವ ವಿಷಯ. 1905ರಲ್ಲಿ ಅವರು ತೋರಿಸಿದ್ದು ಇದು: ಕಬ್ಬಿಣದ, ತಾಮ್ರದ ತಂತಿಗಳ ಮೇಲೆ ಬಲ ಸೆಕೆಂಡಿನ ಸಾವಿರದಲ್ಲೊಂದು ಪಾಲಿನಷ್ಟು ಹೊತ್ತು ಮಾತ್ರ ಇದ್ದರೆ, ನಿಧಾನದ ಪರೀಕ್ಷೆಯಲ್ಲಿ ಅವು ಮಣಿಯುತ್ತಿದ್ದ ಗಡಿಯನ್ನು ಎಷ್ಟೋ ಮೀರಿ ಹೋದರೂ ಅವು ಸ್ಪ್ರಿಂಗಿನಂತೆಯೇ ನಡೆದುಕೊಳ್ಳುತ್ತವೆ. ಲೋಹಕ್ಕೆ ಮಣಿಯಲು ಬಲ ಸಾಲದು, ಸಮಯವೂ ಬೇಕು.

1914ರಲ್ಲಿ ಬರ್ಟ್ರಮ್ ಇನ್ನೊಂದು ಉಪಾಯ ಹೂಡಿದರು. ಕೇರಂ ಆಡಿದವರು ಇದನ್ನು ಕಣ್ಣಾರೆ ಕಂಡಿದ್ದೀರಿ. ನಾಲ್ಕು ಕಾಯಿಗಳನ್ನು ಒಂದಕ್ಕೊಂದು ತಾಗಿಸಿ ಸಾಲಾಗಿಟ್ಟು ಸ್ಟ್ರೈಕರ್‌ನಿಂದ ಹೊಡೆದರೆ ಕೊನೆಯ ಕಾಯಿ ಮಾತ್ರ ಹಾರುತ್ತದೆ, ನಡುವಿನವು ಬಹುತೇಕ ಅಲ್ಲಿಯೇ ಇರುತ್ತವೆ. ಬರ್ಟ್ರಮ್ ಉದ್ದನೆಯ ಉಕ್ಕಿನ ಸರಳನ್ನು ದಾರಗಳಿಂದ ಅಡ್ಡಲಾಗಿ ತೂಗುಹಾಕಿದರು. ಒಂದು ತುದಿಯಲ್ಲಿ ಸಿಡಿಮದ್ದು ಸಿಡಿಸುವುದು ಅಥವಾ ಗುಂಡು ಹೊಡೆಯುವುದು. ಇನ್ನೊಂದು ತುದಿಗೆ ಚಿಕ್ಕ ಉಕ್ಕಿನ ತುಂಡನ್ನು ತುಸು ಗ್ರೀಸ್ ಮತ್ತು ಅಯಸ್ಕಾಂತದ ಬಲದಿಂದ ಅಂಟಿಸಿಟ್ಟರು. ಒತ್ತಡದ ಅಲೆ ಸರಳಿನುದ್ದಕ್ಕೂ ಓಡಿ ಈ ತುಂಡನ್ನು ಹೊಕ್ಕು, ಕೊನೆಗೆ ಬಡಿದು ಮರಳುವಾಗ ತುಂಡು ಕಳಚಿ ಹಾರುತ್ತದೆ. ಹಾರುವಾಗ ಅಲೆಯ ಒಂದು ಪಾಲನ್ನು ಒಡಲಲ್ಲಿಟ್ಟುಕೊಂಡು ಹೋಗುತ್ತದೆ. ಗಿಡ್ಡ ತುಂಡು ಇಟ್ಟರೆ ಅಲೆಯ ಚಿಕ್ಕ ಪಾಲು, ಉದ್ದ ತುಂಡು ಇಟ್ಟರೆ ದೊಡ್ಡ ಪಾಲು. ಬೇರೆ ಬೇರೆ ಉದ್ದದ ತುಂಡುಗಳನ್ನಿಟ್ಟು, ಅವು ಹೊತ್ತೊಯ್ದ ರಭಸವನ್ನು ಅಳೆದು, ಸ್ಫೋಟದ ಒತ್ತಡ ಎಷ್ಟು, ಅದು ಎಷ್ಟು ಹೊತ್ತು ಇತ್ತು ಎಂದು ಲೆಕ್ಕ ಹಾಕಿದರು. ಸೆಕೆಂಡಿನ ಲಕ್ಷದಲ್ಲೊಂದು ಪಾಲನ್ನು ಎಲೆಕ್ಟ್ರಾನಿಕ್ಸ್ ಇಲ್ಲದ ಕಾಲದಲ್ಲಿ ಉಕ್ಕಿನ ತುಂಡಿನಿಂದ ಅಳೆದದ್ದು! ನನ್ನ ವೃತ್ತಿಯಲ್ಲಿ ಇದಕ್ಕಿಂತ ಚೆಂದದ ಯೋಚನೆ ಇನ್ನೊಂದಿಲ್ಲ. 1918ರ ಆಗಸ್ಟಿನಲ್ಲಿ, ತಾವೇ ವಿಮಾನ ಹಾರಿಸುತ್ತಿದ್ದಾಗ ನಡೆದ ಅಪಘಾತದಲ್ಲಿ ಬರ್ಟ್ರಮ್ ತೀರಿಕೊಂಡರು.

ಮುಂದಿನ ದೊಡ್ಡ ಹೆಜ್ಜೆಗೆ ಇನ್ನೊಂದು ಮಹಾಯುದ್ಧವೇ ಕಳೆಯಬೇಕಾಯಿತು. ಇಂಗ್ಲೆಂಡಿನ ವಿಜ್ಞಾನಿ ಜಿ.ಐ. ಟೇಲರ್ ಲೋಹದ ಉರುಳೆಯನ್ನು ಬಂದೂಕಿನಿಂದ ಗಟ್ಟಿ ಉಕ್ಕಿನ ಗೋಡೆಗೆ ಹೊಡೆದು, ಅಣಬೆಯಂತೆ ಅರಳಿದ ತುದಿಯನ್ನೂ ಕುಗ್ಗಿದ ಉದ್ದವನ್ನೂ ಅಳೆದು, ಮಣಿಯುವ ಬಲವನ್ನು ಲೆಕ್ಕ ಹಾಕುವ ದಾರಿ ತೋರಿಸಿದರು. 1948ರಲ್ಲಿ ಅದು ಪ್ರಕಟವಾಯಿತು. ಇಂದಿಗೂ ಬಳಕೆಯಲ್ಲಿದೆ, ಆದರೆ ಅದರಲ್ಲಿ ಉರುಳೆಯ ಒಂದೊಂದು ಭಾಗ ಒಂದೊಂದು ವೇಗದಲ್ಲಿ ಮಣಿಯುತ್ತದೆ. ಸಿಗುವುದು ಒಟ್ಟಾರೆ ಸರಾಸರಿ. ನನಗೆ ಬೇಕಾದದ್ದು ಒಂದು ವೇಗಕ್ಕೆ ಒಂದು ಉತ್ತರ.

ಅದನ್ನು ಕೊಟ್ಟವರು ಹರ್ಬರ್ಟ್ ಕೋಲ್ಸ್ಕಿ, 1949ರಲ್ಲಿ. ಬರ್ಟ್ರಮ್ ಅವರ ಒಂದು ಸರಳನ್ನು ಎರಡು ಮಾಡಿ, ನಡುವೆ ಪರೀಕ್ಷಿಸಬೇಕಾದ ವಸ್ತುವಿನ ತೆಳು ಬಿಲ್ಲೆಯನ್ನು ಸಿಕ್ಕಿಸಿದರು. ಪಾಲಿಥೀನ್, ರಬ್ಬರ್, ತಾಮ್ರ, ಸೀಸ ಮುಂತಾದವುಗಳನ್ನು ಅವರು ಹೀಗೆ ಪರೀಕ್ಷಿಸಿದರು. ಎರಡು ಸರಳುಗಳ ಆ ಏರ್ಪಾಡಿಗೆ ಇಂದು ಕೋಲ್ಸ್ಕಿ ಬಾರ್ ಎಂದೂ ಸ್ಪ್ಲಿಟ್ ಹಾಪ್ಕಿನ್ಸನ್ ಬಾರ್ ಎಂದೂ ಹೆಸರಿದೆ.

ನಾನು ಕೆಲಸ ಮಾಡುವ ಏರ್ಪಾಡನ್ನೇ ವಿವರಿಸುತ್ತೇನೆ. ಒಂದೂವರೆ ಮೀಟರ್ ಉದ್ದದ, ಹೆಬ್ಬೆರಳು ದಪ್ಪದ ಎರಡು ಉಕ್ಕಿನ ಸರಳುಗಳು ಒಂದೇ ಸಾಲಿನಲ್ಲಿ ಬೇರಿಂಗ್‌ಗಳ ಮೇಲೆ ಮಲಗಿವೆ. ಬೆರಳಿನಿಂದ ನೂಕಿದರೆ ಜಾರಬೇಕು, ಅಷ್ಟು ಸಡಿಲ. ಅವುಗಳ ನಡುವೆ ಅಂಗಿಯ ಗುಂಡಿಯಷ್ಟಿರುವ ಬಿಲ್ಲೆ: 8 ಮಿಲಿಮೀಟರ್ ಅಗಲ, 4 ಮಿಲಿಮೀಟರ್ ದಪ್ಪ. ಎರಡೂ ಮುಖಗಳಿಗೆ ತೆಳ್ಳಗೆ ಗ್ರೀಸ್ ಸವರಬೇಕು. ಗ್ರೀಸ್ ಒಣಗಿದ್ದರೆ ಬಿಲ್ಲೆಯ ಮುಖಗಳು ಸರಳಿಗೆ ಕಚ್ಚಿಕೊಳ್ಳುತ್ತವೆ, ನಡುಭಾಗ ಪೀಪಾಯಿಯಂತೆ ಉಬ್ಬುತ್ತದೆ, ಲೆಕ್ಕ ಕೆಡುತ್ತದೆ. ಒಂದು ಕಡೆ ಗ್ಯಾಸ್ ಗನ್. ಅದರೊಳಗೆ 30 ಸೆಂಟಿಮೀಟರ್ ಉದ್ದದ ಮೂರನೆಯ ಸರಳು, ಅದರ ಹೆಸರೂ ಸ್ಟ್ರೈಕರ್. ಪ್ರತಿ ಸರಳಿನ ನಡುಮಧ್ಯದಲ್ಲಿ ಅಂಚೆಚೀಟಿಗಿಂತ ಚಿಕ್ಕದಾದ ಸ್ಟ್ರೇನ್ ಗೇಜ್ ಅಂಟಿಸಿದೆ. ಅದರೊಳಗಿನ ಸಣ್ಣ ಲೋಹದ ಎಳೆ ಸರಳಿನ ಜೊತೆ ಕುಗ್ಗಿದಾಗ ಅದರ ವಿದ್ಯುತ್ ರೋಧ ಬದಲಾಗುತ್ತದೆ, ಅಷ್ಟೇ.

ಗನ್ ಬಿಟ್ಟಾಗ ಸ್ಟ್ರೈಕರ್ ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಬಂದು ಮೊದಲ ಸರಳಿಗೆ ಬಡಿಯುತ್ತದೆ. ಅದು ಸೈಕಲ್ ಜೋರಾಗಿ ತುಳಿದಷ್ಟು ವೇಗ, ಗುಂಡಿನ ವೇಗವೇನಲ್ಲ. ಕಿವಿಗೆ ಕೇಳುವುದು ಒಂದೇ ಒಂದು 'ಟಣ್'. ಆ ಟಣ್ ಎನ್ನುವಷ್ಟರಲ್ಲಿ ಎಲ್ಲವೂ ಮುಗಿದಿರುತ್ತದೆ. ಸರಳಿನೊಳಗೆ ಹೊರಟ ಅಲೆಯ ಅವಧಿ ಸೆಕೆಂಡಿನ ಹತ್ತು ಲಕ್ಷದಲ್ಲಿ 120 ಪಾಲು, ಏಕೆಂದರೆ ಸ್ಟ್ರೈಕರಿನ ಉದ್ದವನ್ನು ಅಲೆ ಒಮ್ಮೆ ಹೋಗಿ ಬರಲು ಹಿಡಿಯುವ ಹೊತ್ತು ಅಷ್ಟೇ. ನೀವು ಒಂದು ಸಲ ರೆಪ್ಪೆ ಬಡಿಯುವುದರೊಳಗೆ ಅಂಥ ಸಾವಿರ ಅಲೆಗಳು ದಾಟಿಬಿಡಬಹುದು. ಅಲೆ ಬಿಲ್ಲೆಯನ್ನು ಮುಟ್ಟಿದಾಗ ಒಂದು ಪಾಲು ಹಿಂದಕ್ಕೆ ಮರಳುತ್ತದೆ, ಇನ್ನೊಂದು ಪಾಲು ಬಿಲ್ಲೆಯನ್ನು ದಾಟಿ ಎರಡನೆಯ ಸರಳಿಗೆ ಹೋಗುತ್ತದೆ.

ಇಡೀ ವಿದ್ಯೆ ಇರುವುದು ಇಲ್ಲಿ. ಬಿಲ್ಲೆಯ ಮೇಲೆ ನಾವು ಯಾವ ಉಪಕರಣವನ್ನೂ ಇಡುವುದಿಲ್ಲ. ಅದು ಅನುಭವಿಸಿದ್ದನ್ನು ಅಕ್ಕಪಕ್ಕದ ಸರಳುಗಳ ಬಾಯಿಂದ ಕೇಳುತ್ತೇವೆ. ದಾಟಿ ಹೋದ ಅಲೆ, ಬಿಲ್ಲೆ ಎಷ್ಟು ಬಲ ತಡೆದುಕೊಂಡಿತು ಎಂದು ಹೇಳುತ್ತದೆ. ಮರಳಿದ ಅಲೆ, ಬಿಲ್ಲೆ ಎಷ್ಟು ವೇಗವಾಗಿ ಕುಗ್ಗಿತು ಎಂದು ಹೇಳುತ್ತದೆ. ಸರಳುಗಳು ಸಾಕ್ಷಿಗಳು, ಸಾಕ್ಷಿ ಸ್ವತಃ ಮಣಿಯಬಾರದು. ಅದಕ್ಕಾಗಿ ಅವನ್ನು ಬಿಲ್ಲೆಗಿಂತ ಬಹಳ ಗಟ್ಟಿಯಾದ ಉಕ್ಕಿನಿಂದ ಮಾಡುತ್ತಾರೆ. ರಬ್ಬರ್, ಫೋಮ್‌ನಂತಹ ಮೆತ್ತನೆಯ ವಸ್ತುವಾದರೆ ಉಕ್ಕಿನ ಸರಳಿಗೆ ಅದರ ಪಿಸುಮಾತು ಕೇಳುವುದೇ ಇಲ್ಲ. ಆಗ ಅಲ್ಯುಮಿನಿಯಂ, ಮೆಗ್ನೀಷಿಯಂ ಅಥವಾ ಪ್ಲಾಸ್ಟಿಕ್ಕಿನ ಸರಳು ಬಳಸಬೇಕು.

ಸಾಕ್ಷಿ ನಿಜ ಹೇಳುತ್ತಿದೆಯೇ ಎಂದು ನೋಡುವುದು ಪರೀಕ್ಷಕನ ಕೆಲಸ, ಇದನ್ನು ನಾನು ಕಷ್ಟಪಟ್ಟು ಕಲಿತೆ. ವೃತ್ತಿಯ ಆರಂಭದಲ್ಲಿ, ನಾನಿದ್ದ ಒಂದು ಪ್ರಯೋಗಾಲಯದಲ್ಲಿ ಅಲ್ಯುಮಿನಾ ಪಿಂಗಾಣಿಯನ್ನು ಪರೀಕ್ಷಿಸುತ್ತಿದ್ದೆ. ಮೂರು ತಿಂಗಳ ಅಳತೆಗಳು ಕೈಯಲ್ಲಿದ್ದವು, ವೇಗ ಹೆಚ್ಚಿದಂತೆ ಬಲ ಏರುವ ಸೊಗಸಾದ ರೇಖೆಯೂ ಬಂದಿತ್ತು. ಹಿರಿಯರೊಬ್ಬರು ಕಾಗದವನ್ನು ನೋಡಿ ಒಂದೇ ಪ್ರಶ್ನೆ ಕೇಳಿದರು: "ಮುಂದಿನ ಮುಖದ ಬಲ, ಹಿಂದಿನ ಮುಖದ ಬಲ ಎರಡೂ ಒಂದೇ ಇವೆಯೇ?" ನಾನು ನೋಡಿರಲಿಲ್ಲ. ಲೆಕ್ಕ ಹಾಕಿದೆ. ಇರಲಿಲ್ಲ. ಪಿಂಗಾಣಿ ಶೇಕಡ 1 ಕುಗ್ಗುವ ಮೊದಲೇ ಒಡೆಯುತ್ತದೆ. ನನ್ನ ಚೂಪಾದ ಅಲೆ ಬಿಲ್ಲೆಯ ಮುಂಭಾಗವನ್ನು ಹೊಕ್ಕಾಗ ಹಿಂಭಾಗಕ್ಕೆ ಇನ್ನೂ ಸುದ್ದಿಯೇ ಮುಟ್ಟಿರಲಿಲ್ಲ, ಅಷ್ಟರಲ್ಲಿ ಅದು ಮುಂದಿನಿಂದ ಸೀಳತೊಡಗಿತ್ತು. ನಾನು ಬರೆದಿಟ್ಟ ಸಂಖ್ಯೆ ಪಿಂಗಾಣಿಯ ಗುಣವಾಗಿರಲಿಲ್ಲ, ನನ್ನ ಏಟಿನ ಗುಣವಾಗಿತ್ತು. ಮೂರು ತಿಂಗಳ ಕೆಲಸವನ್ನು ಬದಿಗಿಟ್ಟೆ.

ಪರಿಹಾರ ಬಹಳ ಸರಳ. ಸ್ಟ್ರೈಕರ್ ಬಡಿಯುವ ಜಾಗದಲ್ಲಿ ತಾಮ್ರದ ಚಿಕ್ಕ ತಟ್ಟೆ ಅಂಟಿಸಬೇಕು. ತಾಮ್ರ ಚಪ್ಪಟೆಯಾಗುತ್ತಾ ಏಟನ್ನು ಮೆದುಗೊಳಿಸುತ್ತದೆ. ಗೋಡೆಯಂತೆ ಎದ್ದು ನಿಲ್ಲುತ್ತಿದ್ದ ಅಲೆ ಇಳಿಜಾರಿನಂತೆ ಏರುತ್ತದೆ. ಅಷ್ಟರಲ್ಲಿ ಸುದ್ದಿ ಬಿಲ್ಲೆಯೊಳಗೆ ನಾಲ್ಕಾರು ಸಲ ಹಿಂದೆ ಮುಂದೆ ಓಡಾಡಿ ಎರಡೂ ಮುಖಗಳು ಒಂದೇ ಬಲಕ್ಕೆ ಬರುತ್ತವೆ. ಆಮೇಲಿನ ಅಳತೆಯನ್ನು ಮಾತ್ರ ನಂಬಬಹುದು. ಇಂದಿಗೂ ಯಾರಾದರೂ ವಿದ್ಯಾರ್ಥಿ ಹೊಸ ಫಲಿತಾಂಶ ತಂದರೆ ನಾನು ಕೇಳುವ ಮೊದಲ ಪ್ರಶ್ನೆ ಆ ಹಿರಿಯರದೇ.

ಸರಿ, ಉಕ್ಕಿನ ಉತ್ತರಕ್ಕೆ ಬರೋಣ. ಮಾಮೂಲಿ ಮೆದು ಉಕ್ಕಿಗೆ ಎಂಜಿನಿಯರುಗಳು ಬಳಸುವ ಒಂದು ಸೂತ್ರವಿದೆ. ಕೌಪರ್ ಮತ್ತು ಸಿಮಂಡ್ಸ್ ಎಂಬ ಇಬ್ಬರು 1957ರಲ್ಲಿ ಕೊಟ್ಟದ್ದು. ಅದರ ಪ್ರಕಾರ ಸೆಕೆಂಡಿಗೆ 40ರ ಹತ್ತಿರದ ಸ್ಟ್ರೇನ್ ರೇಟ್‌ನಲ್ಲಿ ಮಣಿಯುವ ಬಲ ನಿಧಾನದ ಪರೀಕ್ಷೆಯ ಎರಡು ಪಟ್ಟಾಗುತ್ತದೆ. 1,000ಕ್ಕೆ ಹೋದರೆ ಮೂರು ಪಟ್ಟಿನ ಸಮೀಪ. ಇದು ಎಲ್ಲ ಲೋಹಗಳ ಕಥೆಯಲ್ಲ. ಹೆಚ್ಚು ಬಲದ ಉಕ್ಕುಗಳಲ್ಲಿ ಏರಿಕೆ ಇದಕ್ಕಿಂತ ಬಹಳ ಕಡಿಮೆ. 6061-ಟಿ6 ಎಂಬ ಜನಪ್ರಿಯ ಅಲ್ಯುಮಿನಿಯಂ ಮಿಶ್ರಲೋಹಕ್ಕೆ 1,000ದವರೆಗೂ ಏಟಿನ ವೇಗ ಹೆಚ್ಚುಕಡಿಮೆ ಲೆಕ್ಕಕ್ಕೇ ಇಲ್ಲ. ಅದಕ್ಕೇ ಒಂದರ ಫಲಿತಾಂಶವನ್ನು ಇನ್ನೊಂದಕ್ಕೆ ಹಚ್ಚುವಂತಿಲ್ಲ. ಪ್ರತಿಯೊಂದನ್ನೂ ಅಳೆಯಬೇಕು.

ಇಷ್ಟಕ್ಕೂ ಅವಸರಿಸಿದರೆ ಉಕ್ಕು ಏಕೆ ಬಿಗಿಯುತ್ತದೆ? ಲೋಹ ಮಣಿಯುವಾಗ ಅಣುಗಳ ಪದರ ಇಡಿಯಾಗಿ ಜಾರುವುದಿಲ್ಲ. ಮದುವೆಮನೆಯ ದೊಡ್ಡ ಜಮಖಾನವನ್ನು ಸರಿಸಬೇಕಾದಾಗ ಒಂದು ಕಡೆ ಮಡಿಕೆ ಎಬ್ಬಿಸಿ ಆ ಮಡಿಕೆಯನ್ನು ತಳ್ಳಿಕೊಂಡು ಹೋಗುತ್ತೇವಲ್ಲ, ಹಾಗೆ ಅಣುಗಳ ಸಾಲಿನ ಒಂದು ಮಡಿಕೆ ಸರಿಯುತ್ತದೆ. ಅದಕ್ಕೆ ಡಿಸ್‌ಲೊಕೇಶನ್ ಎಂದು ಹೆಸರು. ಅದರ ದಾರಿಯಲ್ಲಿ ತಡೆಗಳಿರುತ್ತವೆ. ಮೆದು ಉಕ್ಕಿನಲ್ಲಂತೂ ಇಂಗಾಲದ ಅಣುಗಳು ಅದರ ಸುತ್ತ ಗುಂಪುಗಟ್ಟಿ ಅದನ್ನು ಹಿಡಿದಿಟ್ಟಿರುತ್ತವೆ. ಈಗ ಮೈಸೂರು ರಸ್ತೆಯನ್ನು ದಾಟಲು ನಿಂತ ಮನುಷ್ಯನನ್ನು ನೆನೆಯಿರಿ. ಕಾಯಲು ಸಮಯವಿದ್ದರೆ ವಾಹನಗಳ ನಡುವೆ ಒಂದು ಸಂದು ಸಿಕ್ಕೇ ಸಿಗುತ್ತದೆ, ಮೆಲ್ಲಗೆ ದಾಟಬಹುದು. ಲೋಹದಲ್ಲಿ ಆ ಸಂದನ್ನು ಒದಗಿಸುವುದು ಶಾಖ. ಅಣುಗಳು ಸದಾ ಕಂಪಿಸುತ್ತಿರುತ್ತವೆ. ಕಾದರೆ ಯಾವುದೋ ಒಂದು ಕಂಪನ ತಡೆಯನ್ನು ದಾಟಿಸುತ್ತದೆ. ಏಟು ಬಿದ್ದಾಗ ಕಾಯಲು ಹೊತ್ತಿಲ್ಲ. ಸಂದು ಸಿಗದಿದ್ದರೂ ನುಗ್ಗಬೇಕು, ನುಗ್ಗಲು ಹೆಚ್ಚು ಬಲ ಬೇಕು. ಇದರಿಂದ ಇನ್ನೊಂದು ಮಾತೂ ತಿಳಿಯುತ್ತದೆ: ಉಕ್ಕಿಗೆ ಚಳಿ ಮತ್ತು ಅವಸರ ಒಂದೇ ಬಗೆಯಲ್ಲಿ ಕಾಡುತ್ತವೆ. ಎರಡೂ ಆ ಸಂದುಗಳನ್ನು ಕಡಿಮೆ ಮಾಡುತ್ತವೆ.

ಆದರೆ ಏಟು ತನ್ನದೇ ಶಾಖವನ್ನೂ ತರುತ್ತದೆ. ಕಬ್ಬಿಣದ ತಂತಿಯನ್ನು ಹತ್ತು ಸಲ ಅತ್ತ ಇತ್ತ ಬಗ್ಗಿಸಿ, ಬಗ್ಗಿದ ಜಾಗವನ್ನು ತುಟಿಗೆ ತಾಗಿಸಿ ನೋಡಿದ್ದೀರಾ? ಬಿಸಿಯಾಗಿರುತ್ತದೆ. ಲೋಹವನ್ನು ಮಣಿಸಲು ಮಾಡಿದ ಕೆಲಸದಲ್ಲಿ ಸುಮಾರು ಶೇಕಡ 90ರಷ್ಟು ಶಾಖವಾಗುತ್ತದೆ ಎಂದು ಟೇಲರ್ ಮತ್ತು ಕ್ವಿನಿ 1934ರಲ್ಲೇ ಅಳೆದಿದ್ದರು. ನಿಧಾನವಾಗಿ ಮಣಿಸಿದರೆ ಆ ಶಾಖ ಅಕ್ಕಪಕ್ಕಕ್ಕೆ ಹರಿದುಹೋಗುತ್ತದೆ. ಏಟಿನಲ್ಲಿ ಹರಿಯಲು ಹೊತ್ತಿಲ್ಲ. ಎಲ್ಲೋ ಒಂದು ಗೆರೆಯಲ್ಲಿ ತುಸು ಹೆಚ್ಚು ಬಿಸಿಯಾದರೆ ಅಲ್ಲಿ ಲೋಹ ಮೆತ್ತಗಾಗುತ್ತದೆ, ಮೆತ್ತಗಾದಲ್ಲೇ ಇನ್ನಷ್ಟು ಜಾರುತ್ತದೆ, ಜಾರಿದಲ್ಲೇ ಇನ್ನಷ್ಟು ಬಿಸಿ. ಕೂದಲೆಳೆಯಷ್ಟು ತೆಳುವಾದ ಪಟ್ಟಿಯಲ್ಲಿ ಎಲ್ಲ ಜಾರಾಟವೂ ನಡೆದು ಲೋಹ ಅಲ್ಲಿಯೇ ಸೀಳಬಹುದು. ಫ್ರಾನ್ಸಿನ ಹೆನ್ರಿ ತ್ರೆಸ್ಕಾ 19ನೆಯ ಶತಮಾನದಲ್ಲಿ ಪ್ಲಾಟಿನಂ ಮಿಶ್ರಲೋಹದ ಗಟ್ಟಿಯನ್ನು ಕುಲುಮೆಯ ಸುತ್ತಿಗೆಯಡಿ ಬಡಿಸುತ್ತಿದ್ದಾಗ, ಕಪ್ಪಾಗಿದ್ದ ಲೋಹದ ಮೈಮೇಲೆ ಕತ್ತರಿಯಾಕಾರದ ಬೆಳಕಿನ ಗೆರೆಗಳು ಹೊಳೆದದ್ದನ್ನು ಕಂಡು ಬರೆದಿಟ್ಟರು. ಅವು ಈ ಪಟ್ಟಿಗಳೇ. ಹಾಗಾಗಿ ಏಟಿನ ವೇಗ ಲೋಹವನ್ನು ಮೊದಲು ಬಿಗಿಸುತ್ತದೆ, ಮರುಕ್ಷಣ ಅದೇ ವೇಗ ಅದನ್ನು ಕೈಬಿಡಬಹುದು.

ಏಟಿನಲ್ಲಿ ಉಕ್ಕು ಗಟ್ಟಿಯಾಗುವುದಾದರೆ ಒಳ್ಳೆಯದೇ ಅಲ್ಲವೇ, ಹಳೆಯ ಸಂಖ್ಯೆಯನ್ನೇ ಬಳಸಿದರೆ ನಾವು ಸುರಕ್ಷಿತವಾಗಿಯೇ ಇರುತ್ತೇವಲ್ಲ ಎಂದು ಯಾರೋ ಕೇಳುತ್ತಿದ್ದೀರಿ. ಒಳ್ಳೆಯ ಪ್ರಶ್ನೆ. ಕಾರನ್ನು ನೋಡಿ. ಭಾರತ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಕಾರನ್ನು ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ತಡೆಗೆ ಗುದ್ದಿಸುತ್ತಾರೆ. ಬಾನೆಟ್ಟಿನ ಕೆಳಗಿನ ಉದ್ದನೆಯ ಉಕ್ಕಿನ ಪೆಟ್ಟಿಗೆಗಳು ಹಾರ್ಮೋನಿಯಂ ತಿದಿಯಂತೆ ಮಡಿಕೆ ಮಡಿಕೆಯಾಗಿ ಕುಗ್ಗಿ ಏಟನ್ನು ನುಂಗಬೇಕು. ಅವು ಮಣಿಯಲೆಂದೇ ಇರುವ ಭಾಗಗಳು. ವಿನ್ಯಾಸಕಾರ ನಿಧಾನದ ಸಂಖ್ಯೆ ಹಾಕಿ ಲೆಕ್ಕ ಮಾಡಿದ್ದರೆ, ಅಪಘಾತದ ಕ್ಷಣದಲ್ಲಿ ಅವು ಅಂದುಕೊಂಡದ್ದಕ್ಕಿಂತ ಬಿಗಿಯಾಗಿರುತ್ತವೆ. ಬೇಕಾದಷ್ಟು ಮಣಿಯುವುದಿಲ್ಲ. ಮಣಿಯದೆ ಉಳಿದ ಬಲ ಹಿಂದಿನ ಕ್ಯಾಬಿನ್ನಿಗೆ, ಅಲ್ಲಿಂದ ಸೀಟ್ ಬೆಲ್ಟಿನ ಮೂಲಕ ಮನುಷ್ಯನ ಎದೆಗೂಡಿಗೆ ಹೋಗುತ್ತದೆ. ಹೆಚ್ಚಿನ ಬಲವೂ ಕೊಲ್ಲಬಹುದು.

ಇನ್ನೊಂದು ಉದಾಹರಣೆಯನ್ನು ಹೇಳುವಾಗ ನನಗೆ ಇಷ್ಟು ವರ್ಷಗಳ ಮೇಲೂ ಗಂಟಲು ಬಿಗಿಯುತ್ತದೆ. 2003ರ ಜನವರಿ 16ರಂದು ಕೊಲಂಬಿಯಾ ನೌಕೆ ಹೊರಟು 81 ಸೆಕೆಂಡು ಕಳೆದಿದ್ದಾಗ, ಇಂಧನ ತೊಟ್ಟಿಯ ಹೊದಿಕೆಯ ಫೋಮಿನ ತುಂಡೊಂದು ಕಳಚಿ ಎಡ ರೆಕ್ಕೆಯ ಮುಂದಿನ ಅಂಚಿಗೆ ಬಡಿಯಿತು. ಫೋಮ್ ಎಂದರೆ ಬೆರಳಿನಿಂದ ಒತ್ತಿದರೆ ಗುಳಿ ಬೀಳುವ ವಸ್ತು, ನೀರಿನ ಸಾಂದ್ರತೆಯ ಇಪ್ಪತ್ತರಲ್ಲೊಂದು ಪಾಲೂ ಇಲ್ಲ. ನೌಕೆ ಇನ್ನೂ ಕಕ್ಷೆಯಲ್ಲಿದ್ದಾಗ ಅಪಾಯವನ್ನು ಅಂದಾಜು ಮಾಡಲು ಬಳಸಿದ ಕಂಪ್ಯೂಟರ್ ಲೆಕ್ಕಾಚಾರಕ್ಕೆ ಆಧಾರವಾಗಿದ್ದದ್ದು ಪುಟ್ಟ ತುಂಡುಗಳ ಹಳೆಯ ಪರೀಕ್ಷೆಗಳು. ಬಡಿದ ತುಂಡು ಅವುಗಳಿಗಿಂತ ನೂರಾರು ಪಟ್ಟು ದೊಡ್ಡದು. ಫೆಬ್ರವರಿ 1ರಂದು ಮರಳುವಾಗ ನೌಕೆ ಆಕಾಶದಲ್ಲೇ ಒಡೆದು, ಕಲ್ಪನಾ ಚಾವ್ಲಾ ಸೇರಿ ಏಳು ಮಂದಿ ಇಲ್ಲವಾದರು.

ಆಮೇಲೆ ಅಮೆರಿಕದ ಸ್ಯಾನ್ ಆಂಟೋನಿಯೊದಲ್ಲಿರುವ ಸೌತ್‌ವೆಸ್ಟ್ ರಿಸರ್ಚ್ ಇನ್‌ಸ್ಟಿಟ್ಯೂಟ್‌ನಲ್ಲಿ ಆ ಏಟನ್ನು ಮತ್ತೆ ಹೊಡೆದು ನೋಡಿದರು. ಒಂದು ಕಿಲೋಗಿಂತ ಕಡಿಮೆ ತೂಕದ, ಸುಮಾರು 760 ಗ್ರಾಮಿನ ಫೋಮ್ ತುಂಡು. ಗ್ಯಾಸ್ ಗನ್ನಿನಿಂದ ಗಂಟೆಗೆ ಸುಮಾರು 850 ಕಿಲೋಮೀಟರ್ ವೇಗ. ಒಂದು ಟನ್ ತೂಕದ ಕಾರು ಗಂಟೆಗೆ 23 ಕಿಲೋಮೀಟರ್ ವೇಗದಲ್ಲಿ ಬಂದರೆ ಅದರಲ್ಲಿ ಎಷ್ಟು ಶಕ್ತಿಯೋ ಅಷ್ಟು. ಗುರಿ, ರೆಕ್ಕೆಯ ಅಂಚಿನ ನಿಜವಾದ ಕಾರ್ಬನ್ ಫಲಕ. ಜುಲೈ 7ರಂದು ಹೊಡೆದಾಗ ಫಲಕದಲ್ಲಿ 40 ಸೆಂಟಿಮೀಟರಿಗೂ ಅಗಲವಾದ ತೂತು ಬಿತ್ತು. ನೋಡುತ್ತಿದ್ದವರು ಉಸಿರು ಬಿಗಿಹಿಡಿದರು ಎಂದು ಓದಿದ್ದೇನೆ. ಬೆರಳಿನಿಂದ ಒತ್ತಿ ತಿಳಿದ ಗುಣವನ್ನು ಆ ವೇಗಕ್ಕೆ ಕೊಂಡೊಯ್ಯಲು ಯಾರಿಗೂ ಹಕ್ಕಿರಲಿಲ್ಲ. ಈ ಪರೀಕ್ಷೆ ಮೊದಲೇ ಆಗಬೇಕಿತ್ತು ಎಂದು ನಾನು ಪ್ರತಿ ತರಗತಿಯಲ್ಲೂ ಹೇಳುತ್ತೇನೆ, ಇಲ್ಲಿಯೂ ಹೇಳುತ್ತಿದ್ದೇನೆ.

ಕಾಂಕ್ರೀಟಿನ ಬಗ್ಗೆ ಒಂದು ಮಾತು, ಸಿವಿಲ್ ವಿದ್ಯಾರ್ಥಿಗಳು ಬಂದಿರುವುದರಿಂದ. ಅದರಲ್ಲಿ ಜಲ್ಲಿ ಇರುವುದರಿಂದ ಗುಂಡಿಯಷ್ಟು ಬಿಲ್ಲೆ ಸಾಲದು. ಜಲ್ಲಿಗಿಂತ ಹಲವು ಪಟ್ಟು ದೊಡ್ಡ ಬಿಲ್ಲೆ, ಅದಕ್ಕೆ ತಕ್ಕ ದಪ್ಪನೆಯ ಸರಳು ಬೇಕು. ವೇಗ ಹೆಚ್ಚಿದಾಗ ಕಾಂಕ್ರೀಟು ಬಹಳ ಗಟ್ಟಿಯಾದಂತೆ ಕಾಣುತ್ತದೆ. ಎಚ್ಚರಿಕೆ ಇರಲಿ. ಒತ್ತಿದಾಗ ಬದಿಗೆ ಉಬ್ಬಬೇಕಾದ ಕಾಂಕ್ರೀಟಿಗೆ ಉಬ್ಬಲು ಹೊತ್ತು ಸಿಗದೆ ಅದರ ಹೊರಭಾಗದ ಜಡತ್ವವೇ ಒಳಭಾಗವನ್ನು ತಬ್ಬಿ ಹಿಡಿಯುತ್ತದೆ. ಅಳತೆಯಲ್ಲಿ ಕಂಡ ಏರಿಕೆಯ ಒಂದು ಪಾಲು ಈ ತಬ್ಬುಗೆಯದು, ಕಾಂಕ್ರೀಟಿನದಲ್ಲ. ದೊಡ್ಡ ಬಿಲ್ಲೆಯಲ್ಲಿ ಇದು ಇನ್ನೂ ಹೆಚ್ಚು.

ಚಿಕ್ಕದರ ಕಡೆಗೆ ಹೋದಷ್ಟೂ ಇನ್ನೂ ಹೆಚ್ಚಿನ ವೇಗ ಸಿಗುತ್ತದೆ, ಏಕೆಂದರೆ ಅದೇ ನೂಕಿಗೆ ತೆಳು ಬಿಲ್ಲೆ ತನ್ನ ದಪ್ಪದ ದೊಡ್ಡ ಪಾಲನ್ನು ಕಳೆದುಕೊಳ್ಳುತ್ತದೆ. ಕೋಲ್ಸ್ಕಿ ಮುಂದೆ ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದರು. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದ ಕೆ.ಟಿ. ರಮೇಶ್ ಡಾಕ್ಟರೇಟ್ ಪಡೆದದ್ದೂ ಅಲ್ಲಿಯೇ. ಆಮೇಲೆ ಅವರು ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ, ಮೇಜಿನ ಮೇಲೆ ಹಿಡಿಸುವಷ್ಟು ಚಿಕ್ಕ ಕೋಲ್ಸ್ಕಿ ಸರಳುಗಳನ್ನು ರೂಪಿಸಿ ಸೆಕೆಂಡಿಗೆ ಹತ್ತಾರು ಸಾವಿರದ ಸ್ಟ್ರೇನ್ ರೇಟ್ ಮುಟ್ಟಿದರು. ಇಲ್ಲಿ ಕುಳಿತಿರುವ ಮೆಕ್ಯಾನಿಕಲ್ ವಿದ್ಯಾರ್ಥಿಗಳು ಅವರ ಬರಹಗಳನ್ನು ಹುಡುಕಿ ಓದಿ. ಹುಷಾರಾಗಿ ಅಳೆಯುವುದು ಎಂದರೇನು ಎಂಬುದು ಗೊತ್ತಾಗುತ್ತದೆ.

ಕೊನೆಯಲ್ಲಿ, ಈ ಡಬ್ಬಿಯಲ್ಲಿರುವ ಎರಡು ಬಿಲ್ಲೆಗಳನ್ನು ಮೊದಲ ಸಾಲಿನಿಂದ ಹಿಂದಕ್ಕೆ ಕಳುಹಿಸುತ್ತಿದ್ದೇನೆ. ಜೊತೆಯಲ್ಲಿ ವರ್ನಿಯರ್ ಕ್ಯಾಲಿಪರ್ ಇದೆ, ಅಳೆದು ನೋಡಿ. ಎರಡೂ ಒಂದೇ ಮೆದು ಉಕ್ಕಿನ ಸರಳಿನಿಂದ ಕೊಯ್ದವು. ಮೊದಲು 8 ಮಿಲಿಮೀಟರ್ ಅಗಲ, 4 ಮಿಲಿಮೀಟರ್ ದಪ್ಪ ಇದ್ದವು. ಈಗ ಎರಡೂ 3.4 ದಪ್ಪ, ಸುಮಾರು 8.7 ಅಗಲ. ಒಂದನ್ನು ಒತ್ತುವ ಯಂತ್ರದಲ್ಲಿಟ್ಟು ಎರಡೂವರೆ ನಿಮಿಷ ತೆಗೆದುಕೊಂಡು ಒತ್ತಿದೆ. ಇನ್ನೊಂದು ಅಷ್ಟೇ ಕುಗ್ಗಲು ಸೆಕೆಂಡಿನ ಹತ್ತು ಲಕ್ಷದಲ್ಲಿ 120 ಪಾಲು ಸಾಕಾಯಿತು, ಬಲ ಮಾತ್ರ ಸುಮಾರು ಇಮ್ಮಡಿ ಬೇಕಾಯಿತು. ಬೆರಳಿಗಾಗಲಿ ಕಣ್ಣಿಗಾಗಲಿ ವ್ಯತ್ಯಾಸ ಸಿಗುವುದಿಲ್ಲ. ಯಾವುದು ಯಾವುದೆಂದು ಹಿಂದಿನ ಮುಖದಲ್ಲಿ ಸೂಜಿಯಿಂದ ಗೀರಿದ್ದೇನೆ. ಮೊದಲು ಊಹಿಸಿ, ಆಮೇಲೆ ತಿರುಗಿಸಿ ನೋಡಿ.